ಶಾಂತವಾಗಿ ಕೂಡ್ರಿ, ಮೈಕ್ ಟೆಸ್ಟಿಂಗ್!

ಧ್ಯಾನ ಕಲಿಯೋಕೆ ಏನು ಬೇಕು? ಒಂದು ಚಾಪೆ. ಮೊಣಕಾಲು ನೋವಿದ್ದರೆ ಕುರ್ಚಿ. ಬೆನ್ನು ನೆಟ್ಟಗಿಟ್ಟು ಕೂತು, ಬರುವ ಹೋಗುವ ಉಸಿರನ್ನು ಗಮನಿಸಬೇಕು, ಅಷ್ಟೇ. ನಮ್ಮ ವಿಜಯಪುರದಲ್ಲಿ ಮಾತ್ರ ಇದಕ್ಕೆ ಪೆಂಡಾಲು, ಜನರೇಟರ್, ಆಳೆತ್ತರದ ಸ್ಪೀಕರ್, ಒಬ್ಬ ಮುಖ್ಯ ಅತಿಥಿ ಮತ್ತು ವೇದಿಕೆ ತುಂಬುವಷ್ಟು ವಿಶೇಷ ಆಹ್ವಾನಿತರು ಬೇಕು.

ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಎಂದು ಸಾರಿತು. ಯೋಗಕ್ಕೆ 2015ರಿಂದಲೇ ಜೂನ್ 21 ಇತ್ತು. ಫ್ಲೆಕ್ಸ್ ಅಂಗಡಿಯವರಿಗೆ ಇದರಿಂದ ಅನುಕೂಲವೇ ಆಗಿದೆ. ಜೂನ್ ಅಳಿಸಿ ಡಿಸೆಂಬರ್ ಹಾಕಿದರೆ ಮುಗೀತು. ಕೈ ಮುಗಿದ ಮುಖಗಳು ಅವೇ, ಮೇಲಿನಿಂದ ಕೆಳಗೆ ಹುದ್ದೆಯ ಪ್ರಕಾರ ಚಿಕ್ಕದಾಗುತ್ತಾ ಹೋಗುತ್ತವೆ. ಧ್ಯಾನ ಕಲಿಸುವವರ ಮುಖ ಎಲ್ಲಿದೆ ಅಂತ ಹುಡುಕೋಕೆ ಕನ್ನಡಕ ಬೇಕು.

ಶಿಬಿರ ಬ್ರಾಹ್ಮೀ ಮುಹೂರ್ತದಲ್ಲೇ ಆಗಬೇಕಂತೆ. ಹಾಗಾಗಿ ನಸುಕಿನ ಐದಕ್ಕೆ ಇಡೀ ಬಡಾವಣೆ ಎದ್ದು ಕೂರುತ್ತದೆ, ಯಾಕಂದ್ರೆ ಕೊಳಲಿನ ಸಂಗೀತ ಕಿಟಕಿಯ ಗಾಜನ್ನು ಅಲುಗಾಡಿಸುತ್ತಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಹೇಳಲಿ ಬಿಡಿ. ಮನಃಶಾಂತಿಯ ಕಾರ್ಯಕ್ರಮಕ್ಕೆ ತಕರಾರು ಮಾಡಿದವನನ್ನೇ ಸಂಘಟಕರು ಕರುಣೆಯಿಂದ ನೋಡುತ್ತಾರೆ: “ಅಣ್ಣಾರ, ನಿಮಗ ಧ್ಯಾನದ ಗರಜು ಭಾಳ ಐತ್ರಿ.”

ಇಷ್ಟಾದರೂ ಧ್ಯಾನ ಶುರುವಾಗುವುದಿಲ್ಲ. ಮುಖ್ಯ ಅತಿಥಿ ಇನ್ನೂ ಬಂದಿರುವುದಿಲ್ಲ. “ಸಾಹೇಬ್ರು ಬರೂತನಕಾ ದಯವಿಟ್ಟು ಯಾರೂ ಕಣ್ಣ ಮುಚ್ಚಬ್ಯಾಡ್ರಿ” ಎಂದು ನಿರೂಪಕರು ಮೈಕಿನಲ್ಲಿ ಕೇಳಿಕೊಳ್ಳುತ್ತಾರೆ. ಚಳಿಗೆ ಮುದುಡಿ ತೂಕಡಿಸುತ್ತಿದ್ದವರನ್ನು ಸ್ವಯಂಸೇವಕರು ತಟ್ಟಿ ಎಬ್ಬಿಸುತ್ತಾರೆ. ಕೊನೆಗೆ ಸಾಹೇಬರು ಬರುತ್ತಾರೆ. ಪ್ರಾರ್ಥನೆ, ಸ್ವಾಗತ, ಗಾಳಿಗೆ ಹತ್ತದ ದೀಪ, ಒಬ್ಬೊಬ್ಬರಿಗೂ ಶಾಲು. ಪದ್ಮಶ್ರೀಯನ್ನೇ ಬೇಡ ಅಂದ, ಜೇಬಿಲ್ಲದ ಅಂಗಿ ತೊಟ್ಟ ಸಿದ್ಧೇಶ್ವರ ಸ್ವಾಮೀಜಿ ಬಾಳಿದ ಊರು ಇದು. ಅದಕ್ಕೇ ಇರಬೇಕು, ಸಾಹೇಬರು ಶಾಲು ಬೇಡ ಬೇಡ ಅನ್ನುತ್ತಲೇ ಕೊರಳು ಮುಂದೆ ಮಾಡುತ್ತಾರೆ. ಆಮೇಲೆ ಮೌನದ ಮಹತ್ವದ ಕುರಿತು ಮುಕ್ಕಾಲು ಗಂಟೆ ಮಾತನಾಡುತ್ತಾರೆ.

ಉಳಿದ ಐದು ನಿಮಿಷ ಧ್ಯಾನಕ್ಕೆ.

“ಉಸಿರನ್ನು ಗಮನಿಸಿ. ಒಂದರಿಂದ ಹತ್ತರವರೆಗೆ ಎಣಿಸಿ. ಮತ್ತೆ ಒಂದರಿಂದ...” ಗುರುಗಳು ಮೂರಕ್ಕೆ ಬರುವಷ್ಟರಲ್ಲಿ ನಿರೂಪಕರು ಮೈಕ್ ಕಸಿದುಕೊಳ್ಳುತ್ತಾರೆ: “ಕೆಎ 28, ಬಿಳಿ ಕಾರಿನವರು ಎಲ್ಲಿದ್ರೂ ಬಂದು ಗಾಡಿ ತೆಗೀರಿ, ಸಾಹೇಬ್ರ ಗಾಡಿಗೆ ಅಡ್ಡ ಆಗೇತಿ.” ಮೇಲೆ ಡ್ರೋನ್ ಗುಂಯ್ ಅನ್ನುತ್ತದೆ. ವೇದಿಕೆ ಮೇಲಿನವರು ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಕ್ಯಾಮೆರಾ ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ. ಪಿಸುಮಾತು ಆಚೆ ಗೋಡೆಗೆ ಕೇಳುವ ಹಾಗೆ ಗೋಲಗುಮ್ಮಟ ಕಟ್ಟಿದವರ ಊರಲ್ಲಿ, ಆ ಗುಮ್ಮಟ ಹತ್ತಿ ಸಿಳ್ಳೆ ಹೊಡೆಯುವ ಜನ ನಾವು. ನಮ್ಮಿಂದ ಇನ್ನೇನು ಬಂದೀತು?

ನನಗೆ ಅಯ್ಯೋ ಅನ್ನಿಸುವುದು ನಿಜವಾಗಿಯೂ ಕಲಿಯಲು ಬಂದವರ ಬಗ್ಗೆ. ಹಿಂದಿನ ಸಾಲಿನಲ್ಲಿ ತಿಕೋಟಾ ಕಡೆಯ ಕಾಕಾ ಒಬ್ಬರು ಕೂತಿರುತ್ತಾರೆ ಅನ್ನಿ. ದ್ರಾಕ್ಷಿ ತೋಟ, ಮೇಲೆ ಮೋಡ, ರೋಗ ಬಿದ್ದರೆ ವರ್ಷದ ದುಡಿಮೆ ಹೋಯಿತು. “ಕಣ್ಣ ಮುಚ್ಚಿದ್ರ ಮನಸು ತ್ವಾಟಕ್ಕ ಓಡತೈತ್ರಿ” ಅಂತ ಕೇಳಿಯೇಬಿಡುತ್ತಾರೆ. ಎಂಥ ಒಳ್ಳೆ ಪ್ರಶ್ನೆ! ಮನಸ್ಸು ಓಡುವುದು ತಪ್ಪಲ್ಲ, ಓಡಿದ್ದು ಗೊತ್ತಾದಾಗ ಬೈಯದೆ ಉಸಿರಿಗೆ ವಾಪಸ್ ಕರೆತರುವುದೇ ಅಭ್ಯಾಸ. ಹೊಸಬರಿಗೆ ಹೇಳಬೇಕಾದ ಮೊದಲ ಮಾತು ಇದು. ಕಾಕಾಗೆ ಸಿಗುವ ಉತ್ತರ ಬೇರೆ: “ಅದಕ್ಕ ಅಡ್ವಾನ್ಸ್ ಕೋರ್ಸ್ ಐತ್ರಿ. ರೊಕ್ಕ ಇವತ್ತ ಕಟ್ಟಿದ್ರ ರಿಯಾಯಿತಿ.”

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಬೆಳಿಗ್ಗೆ ಎದ್ದು, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟು, ರೆಪ್ಪೆ ಅಲುಗಿಸದೆ ನೋಡುತ್ತಾ ಕೂರುತ್ತಿದ್ದರು. ಅವರಿಗೆ ಯಾರೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಗೋಯೆಂಕಾ ಗುರುಗಳ ಪರಂಪರೆಯ ವಿಪಶ್ಯನ ಧ್ಯಾನ ಶಿಬಿರದಲ್ಲಿ ಹತ್ತು ದಿನ ಶುಲ್ಕವಿಲ್ಲದೆ ಕಲಿಸುತ್ತಾರೆ, ಊಟ ವಸತಿಯೂ ಉಚಿತ. ಫೋನ್ ಕೈಗೆ ಕೊಡುವುದಿಲ್ಲ, ಮಾತಾಡುವ ಹಾಗಿಲ್ಲ. ಇಂಥ ಕಡೆ ಸಾಹೇಬರು ಭಾಷಣ ಎಲ್ಲಿ ಮಾಡಬೇಕು, ಸೆಲ್ಫಿ ಯಾರು ತೆಗೀಬೇಕು?

ನಮ್ಮ ಶಿಬಿರದಲ್ಲಿ ಆ ತೊಂದರೆ ಇಲ್ಲ. ವಂದನಾರ್ಪಣೆ ಮುಗಿಯುವ ಮೊದಲೇ ಉಪ್ಪಿಟ್ಟು ಶಿರಾದ ಕಡೆ ನೂಕುನುಗ್ಗಲು. ಪ್ರಮಾಣಪತ್ರ ಎಲ್ಲರಿಗೂ ಇದೆ, ಶಾಮಿಯಾನ ಕಟ್ಟಿದವರಿಗೂ.

ಧ್ಯಾನದ ಬಗ್ಗೆ ಜನರಲ್ಲಿ ಜಾಗೃತಿ ಸಾಲದು ಅಂತ ಸಮಿತಿಗೆ ಅನ್ನಿಸಿದೆಯಂತೆ. ಮುಂದಿನ ಭಾನುವಾರ ಗೋಲಗುಮ್ಮಟದಿಂದ ಗಾಂಧಿ ಚೌಕದವರೆಗೆ ಬೈಕ್ ರ್‍ಯಾಲಿ. ಡಿಜೆ ಇರುತ್ತದೆ. ಸೈಲೆನ್ಸರ್ ಕಿತ್ತುಹಾಕಿದ ಹುಡುಗರೆಲ್ಲ ಆಗಲೇ ಹೆಸರು ಬರೆಸಿದ್ದಾರೆ.