ಕಿವಿಗೊಂದು ಕಿರೀಟ

ನಮ್ಮೂರಿನ ‘ಕುರುಕ್ಷೇತ್ರ’ ಧ್ವನಿನಾಟಕದ ಖರ್ಚಿನ ಪಟ್ಟಿಯಲ್ಲಿ ಮೊದಲ ಬಾಬತ್ತು ಸೀನರಿ ಬಾಡಿಗೆ. ಎರಡನೆಯದು ಬಣ್ಣ. ಕಿವಿಯಲ್ಲಿ ಕೇಳುವ ನಾಟಕಕ್ಕೆ ಅರಮನೆಯ ಪರದೆ ಏಕೆ ಎಂದು ಕೇಳಿದೆ. ‘ಪರದೆ ಇಲ್ಲದಿದ್ದರೆ ತಾವು ಅರಮನೆಯಲ್ಲಿದ್ದೇವೆ ಎಂದು ಪಾತ್ರಧಾರಿಗಳಿಗೆ ಗೊತ್ತಾಗುವುದು ಹೇಗೆ ಸ್ವಾಮಿ?’ ಎಂದರು ಸಮಿತಿಯ ಅಧ್ಯಕ್ಷರು. ಕೇಳಿದ ತಪ್ಪಿಗೆ ರೂಪಾಂತರದ ಹೊಣೆ ನನ್ನ ತಲೆಗೇ ಬಿತ್ತು.

ತುಮಕೂರು ಜಿಲ್ಲೆಯವರಿಗೆ ನಾಟಕವೆಂದರೆ ಕೈ ಬಿಗಿಹಿಡಿದು ಗೊತ್ತಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ಪರಂಪರೆಗೆ ಕುಂದು ಬರಬಾರದೆಂದು ನಮ್ಮವರೂ ಸ್ಟುಡಿಯೊಗೆ ಆನೆ ತರಿಸಲು ಹೊರಟಿದ್ದರು. ಬಾಗಿಲು ಮೂರಡಿ ಅಗಲ ಎಂದು ತಿಳಿದ ಮೇಲೆ ಸುಮ್ಮನಾದರು. ಘೀಳಿಡುವ ಸದ್ದು ರೆಕಾರ್ಡಿನಲ್ಲಿ ಸಿಗುತ್ತದೆ ಎಂದರೆ, ‘ಅದು ಯಾವ ಊರಿನ ಆನೆಯೋ’ ಎಂಬ ಗೊಣಗಾಟ.

ರಾತ್ರಿ ಶುರುವಾಗಿ ಹಾಲು ಕರೆಯುವ ಹೊತ್ತಿಗೆ ಮುಗಿಯುವ ನಾಟಕವನ್ನು ಅರ್ಧ ಗಂಟೆಗೆ ಇಳಿಸಬೇಕಿತ್ತು. ಇಳಿಸಬಾರದೆಂದೇನೂ ಇಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಹಾಡುವವರು ಅಷ್ಟರಲ್ಲೇ ಮುಗಿಸುತ್ತಿದ್ದರು. 1887ರಲ್ಲಿ ಇಟಲಿಯ ಸಂಗೀತ ಸಂಯೋಜಕ ವೆರ್ಡಿ ಒಥೆಲೊವನ್ನು ಒಪೆರಾ, ಅಂದರೆ ಹಾಡುನಾಟಕ, ಮಾಡಿದಾಗ ಶೇಕ್ಸ್‌ಪಿಯರನ ಮೊದಲ ಅಂಕವನ್ನೇ ಕೈಬಿಡಲಾಯಿತು. 1924ರಲ್ಲಿ ಬಿಬಿಸಿ ರೇಡಿಯೊಗೆಂದೇ ನಾಟಕ ಬರೆದ ರಿಚರ್ಡ್ ಹ್ಯೂಸ್ ಇನ್ನೂ ಜಾಣ. ಕಥೆಯನ್ನು ದೀಪ ಆರಿದ ಕಲ್ಲಿದ್ದಲು ಗಣಿಯೊಳಗೆ ಇಟ್ಟುಬಿಟ್ಟ. ಪಾತ್ರಗಳಿಗೂ ಕಾಣದು, ಕೇಳುವವರಿಗೂ ಕಾಣದು.

ಆದರೆ ಅವರ ಒಥೆಲೊ ಪಾತ್ರಕ್ಕೆ ದುಡ್ಡು ಕಟ್ಟಿರಲಿಲ್ಲ. ನಮ್ಮಲ್ಲಿ ಪಾತ್ರ ಸಿಗುವುದು ದುಡ್ಡು ಕಟ್ಟಿದವರಿಗೆ; ದುರ್ಯೋಧನ ಎಲ್ಲರಿಗಿಂತ ದುಬಾರಿ, ಕೃಷ್ಣ ಅವನ ಬೆನ್ನಿಗೇ. ದುರ್ಯೋಧನನ ಒಂದು ಕಂದಪದ್ಯಕ್ಕೆ ಗೀಟು ಹಾಕಿದ್ದೇ ತಡ, ‘ಇದಕ್ಕೆ ಎಷ್ಟು ವಾಪಸು ಕೊಡುತ್ತೀರಿ?’ ಎಂದು ಫೋನ್ ಬಂತು. ಹಾಗಾಗಿ ಕಡಿಮೆ ಕಟ್ಟಿದವರ ಮಾತಿಗೇ ಕತ್ತರಿ ಆಡಿಸಿದೆ. ವಿದುರ ಕೆಮ್ಮಿ ನಿರ್ಗಮಿಸುತ್ತಾನೆ. ದ್ರೌಪದಿ ಪಾತ್ರಕ್ಕೆ ಕರೆಸಿದ ಕಲಾವಿದೆ ದುಡ್ಡು ಕೊಡುವವರಲ್ಲ, ತೆಗೆದುಕೊಳ್ಳುವವರು. ಅವರ ಮಾತು ತೆಗೆದರೆ ಯಾರ ತಕರಾರೂ ಇಲ್ಲ. ನಮ್ಮ ನಾಟಕದಲ್ಲಿ ತುಂಬಿದ ಸಭೆಗೆ ಎಳೆತಂದ ದ್ರೌಪದಿ ಬಾಯಿಯೇ ಬಿಡುವುದಿಲ್ಲ.

ರೆಕಾರ್ಡಿಂಗ್ ದಿನ ದುರ್ಯೋಧನರು ಕಿರೀಟ, ಭುಜಕೀರ್ತಿ, ಗದೆ ಸಮೇತ ಬಂದರು. ಉಸಿರೆಳೆದರೂ ಝಲ್ ಎನ್ನುತ್ತಿತ್ತು. ಮೈಕಿಗೆ ಕಿರೀಟ ತಗುಲಿ ಧಡ್ ಎಂದಾಗ ಎಂಜಿನಿಯರ್ ಹುಡುಗ, ಅದನ್ನು ತೆಗೆದಿಡಿ ಸರ್ ಎಂದ. ‘ತೆಗೆದರೆ ನಾನು ಸಿಮೆಂಟ್ ಅಂಗಡಿಯವನಾಗುತ್ತೇನೆ ಅಷ್ಟೇ’ ಎಂದರು. ನಿಜವೇ. ಪದ್ಯ ಮುಗಿಸಿ, ಮೀಸೆ ತಿರುವಿ, ಶಿಳ್ಳೆಗಾಗಿ ಕಾದರು. ಗೋಡೆಗೆ ಅಂಟಿಸಿದ ಸ್ಪಂಜು ಶಿಳ್ಳೆ ಹಾಕಲಿಲ್ಲ. ಕೊನೆಗೆ ತಾವೇ ‘ವನ್ಸ್ ಮೋರ್’ ಎಂದುಕೊಂಡು ಮತ್ತೆ ಶ್ರುತಿ ಹಿಡಿದರು.

ದಾನಿಗಳ ಹೆಸರಿಗೇ ಹನ್ನೊಂದು ನಿಮಿಷ ಹೋಯಿತು. ಹದಿನೆಂಟು ದಿನದ ಯುದ್ಧಕ್ಕೆ ಉಳಿದದ್ದು ನಲವತ್ತು ಸೆಕೆಂಡು. ಭೀಮ ತೊಡೆ ಮುರಿಯುವ ಸದ್ದಿಗೆ ಒಣ ತೆಂಗಿನ ಮಟ್ಟೆ ಲಟಕ್ಕೆಂದು ಮುರಿದೆವು. ಬಹಳ ಚೆನ್ನಾಗಿ ಬಂತು. ಹೆಡ್‌ಫೋನ್ ಹಾಕಿ ಕೇಳಿದ ದುರ್ಯೋಧನರ ಮುಖ ಮಾತ್ರ ಕಪ್ಪಿಟ್ಟಿತು. ‘ಇಷ್ಟು ಕಟ್ಟಿದ ಮೇಲೂ ತೊಡೆ ಮುರಿಯಲೇಬೇಕೇ?’

ಈ ಬಗ್ಗೆ ತೀರ್ಮಾನಿಸಲು ಸಮಿತಿ ಭಾನುವಾರ ಸಭೆ ಸೇರುತ್ತಿದೆ.