ಗೇಟಿನ ಹೊರಗೇ ಉಳಿದ ಮೀನಿನ ಬುಟ್ಟಿ

ಕೊರೋನಾ ಕಾಲದಲ್ಲಿ ನಮ್ಮ ಜನ ಹೇಳಿದ್ದನ್ನು ಕೇಳಲೇ ಇಲ್ಲ ಅಂತ ನಿನ್ನೆ ಒಬ್ಬರು ಬರೆದಿದ್ದರು. ಹೇಳಿದ್ದು ಯಾರು ಅಂತಲೂ ಕೇಳಬೇಕಲ್ವಾ?

ನಮ್ಮ ಅಂಕೋಲೆಯಲ್ಲಿ ಆಟೋಕ್ಕೆ ಮೈಕ್ ಕಟ್ಟಿ ಹೇಳಿದರು. ಟಿವಿಯವರು ಬೆಳಗಿಂದ ರಾತ್ರಿವರೆಗೆ ಸಾವಿನ ಲೆಕ್ಕ ಓದಿದರು. ಮಾಸ್ಕ್ ಹಾಕದಿದ್ದರೆ 100 ರೂಪಾಯಿ ದಂಡ ಬೇರೆ. ಪೊಲೀಸರು ಕಂಡ ಕೂಡಲೇ ಗದ್ದದ ಮೇಲಿದ್ದ ಮಾಸ್ಕ್ ಮೂಗಿಗೆ ಏರುತ್ತಿತ್ತು, ತಿರುವು ದಾಟಿದರೆ ಮತ್ತೆ ಗದ್ದಕ್ಕೆ. ನಾನೂ ಹಾಗೇ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನನ್ನನ್ನು ಬದಲಾಯಿಸಿದ್ದು ಮೀನು ಮಾರುವ ಅಕ್ಕ. ಲಾಕ್‌ಡೌನ್ ಸ್ವಲ್ಪ ಸಡಿಲಾದಾಗ ಬಂದವಳು ಒಳಗೆ ಕಾಲಿಡಲಿಲ್ಲ. ಬಂಗಡೆ ಬುಟ್ಟಿ ಗೇಟಿನ ಹೊರಗಿಟ್ಟು, ಸೆರಗನ್ನು ಮೂಗಿನ ಮೇಲೆ ಬಿಗಿದು ಕಟ್ಟಿಕೊಂಡು, ನಾಲ್ಕು ಹೆಜ್ಜೆ ಹಿಂದೆ ನಿಂತಳು. ಅಮ್ಮ "ಬಾರೇ ತಂಗಿ" ಅಂದರೆ, "ಬೇಡ ಅಮ್ಮಾ, ಅಜ್ಜಿ ಒಳಗಿದ್ದಾರೆ, ನಾನು ಹತ್ತು ಮನೆ ತಿರುಗಿ ಬಂದವಳು" ಅಂದಳು. ಅಷ್ಟೇ. ಅವತ್ತಿಂದ ನನ್ನ ಮಾಸ್ಕ್ ಗದ್ದಕ್ಕೆ ಇಳಿಯಲಿಲ್ಲ, ನಾಚಿಕೆಯಾಗುತ್ತಿತ್ತು.

ಹೇಳಿದರೂ ಜನ ಯಾಕೆ ಕೇಳೋದಿಲ್ಲ ಅನ್ನೋದು ಹಳೇ ಪ್ರಶ್ನೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಪುಕ್ಕಟೆ ಎಕ್ಸ್‌ರೇ ಗಾಡಿಗಳನ್ನು ಓಣಿಗೇ ಕಳಿಸಿದರೂ ಎಷ್ಟೋ ಜನ ಬರಲಿಲ್ಲ. ಯಾಕೆ ಅಂತ ಹುಡುಕಲು ಹೊರಟಾಗ ಹುಟ್ಟಿದ್ದೇ 'ಹೆಲ್ತ್ ಬಿಲೀಫ್ ಮಾಡೆಲ್' ಅನ್ನೋ ಸಿದ್ಧಾಂತ. ರೋಗ ನನಗೆ ತಗಲುತ್ತದಾ, ತಗಲಿದರೆ ಎಷ್ಟು ಕಷ್ಟ, ಇದರಿಂದ ಉಪಯೋಗ ಉಂಟಾ, ಮಾಡೋದು ಎಷ್ಟು ರಗಳೆ — ಈ ಲೆಕ್ಕ ಎಲ್ಲರೂ ಹಾಕುತ್ತಾರೆ ಅನ್ನುತ್ತದೆ ಅದು. ದಡ್ಡತನ ಅಲ್ಲ, ಲೆಕ್ಕ.

ಅಪ್ಪನೂ ಈ ಲೆಕ್ಕ ಹಾಕಿದರು. 2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾಯಿತು. ನಾನು ಮೊಬೈಲ್‌ನಲ್ಲಿ ನೋಂದಣಿ ಮಾಡಿಟ್ಟರೂ "ಬಿಸಿಲಲ್ಲಿ ಸಾಲು ನಿಂತು ಜ್ವರ ತಂದುಕೊಳ್ಳೋದಾ?" ಅಂತ ಕೂತರು. ವಾಟ್ಸಾಪಿನ ಡಾಕ್ಟರುಗಳು ಬೇರೆ ಜಾಸ್ತಿ ಆಗಿದ್ದರು. ಕೊನೆಗೆ ನನ್ನ ಮಗಳ ಪೋಲಿಯೋ ಹನಿಯಿಂದಲೂ ಮನೆಗೆ ಬರುವ ಆಶಾ ಕಾರ್ಯಕರ್ತೆ ಜಗಲಿಯಲ್ಲಿ ಕೂತು, "ನಾನು ಹಾಕಿಸಿಕೊಂಡೆ ಮಾವಾ. ಎರಡು ದಿನ ಜ್ವರ ಬಂತು, ಹೋಯ್ತು. ಹತ್ತು ಗಂಟೆಗೆ ಬನ್ನಿ, ನೆರಳಲ್ಲಿ ಕುರ್ಚಿ ಹಾಕಿಸ್ತೇನೆ" ಅಂದಳು. ಜ್ವರ ಬರೋದೇ ಇಲ್ಲ ಅಂದಿದ್ದರೆ ಅಪ್ಪ ಖಂಡಿತ ನಂಬುತ್ತಿರಲಿಲ್ಲ.

ಮರುದಿನ ಹೋದರು. ಜ್ವರವೂ ಬಂತು. ಆಮೇಲೆ ವಾರವಿಡೀ ಚಾ ಅಂಗಡಿಯಲ್ಲಿ ಕೂತು ಸಿಕ್ಕಿದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಎರಡು ದಿನ ಜ್ವರ ಬರ್ತದೆ, ಹೋಗ್ತದೆ. ಹತ್ತು ಗಂಟೆಗೆ ಹೋಗು, ಕುರ್ಚಿ ಉಂಟು."