ಹಳಿ ಕಿತ್ತ ಮೇಲೆ ಪರಂಪರೆ

ಮತ್ತೆ ಶುರುವಾಗಿದೆ ನೋಡಿ. ಮಲೆನಾಡಿನ ರೈಲು ಪರಂಪರೆಯನ್ನು ಉಳಿಸಬೇಕಂತೆ. ಅದಕ್ಕೆ ಅನುದಾನ ಬೇಕಂತೆ. ಅನುದಾನ ಬರಬೇಕಾದರೆ ಡಿಪಿಆರ್, ಅಂದರೆ ಯೋಜನೆಯ ವಿವರ ವರದಿ ಬೇಕು, ಡಿಪಿಆರ್ ಬರೆಸಬೇಕಾದರೆ ಇನ್ನೊಂದು ಅನುದಾನ ಬೇಕು. ವೇದಿಕೆ ಮೇಲಿದ್ದವರು ಹೇಳುತ್ತಾರೆ, ಕೆಳಗೆ ಕೂತವರು ಚಪ್ಪಾಳೆ ತಟ್ಟುತ್ತಾರೆ, ಮರುದಿನ ಪೇಪರಿನಲ್ಲಿ ಶಾಲು ಹೊದ್ದವರ ಫೋಟೋ. ನೀವೂ ಓದಿರುತ್ತೀರಿ, ಹೊಸದಾಗಿ ಹೇಳುವುದೇನೂ ಇಲ್ಲ. ನನ್ನದು ಒಂದೇ ಪ್ರಶ್ನೆ. ಉಳಿಸುವುದು ಯಾವುದನ್ನು ಸ್ವಾಮಿ?

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ಅಂತ ಕಾಡು ಸೀಳಿಕೊಂಡು ತಾಳಗುಪ್ಪ ಮುಟ್ಟುವ ಹೊತ್ತಿಗೆ 1940 ಬಂತು. ಜೋಗದ ನೀರಿನಿಂದ ಕರೆಂಟು ತೆಗೆಯುವ ಕೆಲಸ ಆಗಷ್ಟೇ ಶುರುವಾಗಿತ್ತು. ಎಲ್ಲಾ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್. ಕೊನೆಕೊನೆಗೆ ಆ ಹಳಿಯ ಮೇಲೆ ರೈಲ್ ಬಸ್ ಅಂತ ಒಂದು ಓಡುತ್ತಿತ್ತು. ಅತ್ತ ರೈಲೂ ಅಲ್ಲ, ಇತ್ತ ಬಸ್ಸೂ ಅಲ್ಲ. ರೈಲಿನವರು ಅದನ್ನು ನೋಡಿ ನಗುತ್ತಿದ್ದರು, ಬಸ್ಸಿನವರೂ ನಗುತ್ತಿದ್ದರು, ಒಳಗೆ ಕೂತ ನಾವೂ ನಗುತ್ತಿದ್ದೆವು.

2011ರ ಹೊತ್ತಿಗೆ ಅದೆಲ್ಲ ಕಿತ್ತು ತಾಳಗುಪ್ಪದವರೆಗೂ ಬ್ರಾಡ್ ಗೇಜ್, ಅಂದರೆ ಅಗಲ ಹಳಿ ಆಯಿತು. ಒಳ್ಳೆಯದೇ ಆಯಿತು. ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಬ್ರಾಡ್ ಗೇಜ್ ಬೇಡ ಅಂತ ಯಾವ ಹುಚ್ಚನೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಕೀಳುವಾಗ ಯಾವುದಾದರೂ ಒಂದು ಯಾರ್ಡಿನ ಮೂಲೆಯಲ್ಲಿ ಹಳೇ ಹಳಿಯ ಎರಡು ಕಿಲೋಮೀಟರ್ ಬಿಡೋಣ, ಒಂದು ಇಂಜಿನ್ನು, ಎರಡು ಬೋಗಿ ಇಟ್ಟು ಭಾನುವಾರ ಮಕ್ಕಳನ್ನು ಕೂರಿಸಿ ಓಡಿಸೋಣ ಅಂತ ಒಬ್ಬ ಮಹಾನುಭಾವನಿಗೂ ಅನ್ನಿಸಲಿಲ್ಲವಲ್ಲ! ಆಗ ಪರಂಪರೆ ಗುಜರಿ ಲೆಕ್ಕದಲ್ಲಿತ್ತು. ಟನ್ನಿಗೆ ಇಷ್ಟು ಅಂತ ಹರಾಜು. ಮೀಟರ್ ಗೇಜ್ ನೋಡುವ ಆಸೆ ಇದ್ದರೆ ಈಗ ಮಲೆನಾಡಿನ ಅಡಿಕೆ ತೋಟಗಳ ಕಡೆ ಹೋಗಿ. ಗೇಟಿನ ಎರಡೂ ಕಡೆ ಹುಗಿದು ನಿಲ್ಲಿಸಿದ ಕಬ್ಬಿಣ ಇರುತ್ತದೆ, ತಲೆ ದಪ್ಪ, ಸೊಂಟ ಸಣ್ಣ, ಪಾದ ಅಗಲ. ಅದು ಹಳಿಯ ತುಂಡು. ಎಷ್ಟೋ ಮಳೆಗಾಲ ಕಳೆದರೂ ಅಲ್ಲಾಡಿಲ್ಲ. ನಮ್ಮಲ್ಲಿ ರೈಲು ಪರಂಪರೆ ಉಳಿಸಿದವರು ಯಾರಾದರೂ ಇದ್ದರೆ ಈ ತೋಟದ ಯಜಮಾನರೇ. ಅದೂ ಸ್ವಂತ ಖರ್ಚಿನಲ್ಲಿ.

ಇನ್ನೊಂದು ತಮಾಷೆ ಕೇಳಿ. ಊಟಿ ರೈಲು ಕೂಡ ಮೀಟರ್ ಗೇಜೇ. ಅದಕ್ಕೆ 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಕಟ್ಟಿತು. 2008ರಲ್ಲಿ ಕಾಲ್ಕಾ–ಶಿಮ್ಲಾಕ್ಕೆ ಕಟ್ಟಿತು. ಡಾರ್ಜಿಲಿಂಗಿಗೆ 1999ರಲ್ಲೇ ಕಟ್ಟಿಯಾಗಿತ್ತು. ಅಂದರೆ ಜಗತ್ತು ಪುಟ್ಟ ಹಳಿಗೆ ಹಾರ ಹಾಕುತ್ತಿದ್ದ ಹೊತ್ತಿನಲ್ಲೇ ನಾವು ನಮ್ಮ ಹಳಿಯನ್ನು ತೂಕಕ್ಕೆ ಹಾಕುತ್ತಿದ್ದೆವು. ಈಗ ಅದೇ ಹಳಿಯ ನೆನಪಿಗೆ ಗೋಡೆಯ ಮೇಲೆ ಉಗಿಬಂಡಿಯ ಚಿತ್ರ ಬರೆಸಬೇಕು, ಅದಕ್ಕೆ ದುಡ್ಡು ಕೊಡಿ ಅಂತ ಕೇಳುತ್ತಿದ್ದೇವೆ. ಅಜ್ಜಿ ಬದುಕಿದ್ದಾಗ ಒಂದು ಹೊತ್ತು ಅನ್ನ ಹಾಕದವರು ತಿಥಿಗೆ ಹೋಳಿಗೆ ಮಾಡಿಸಿದ ಹಾಗೆ.

ಇಲ್ಲ ಇಲ್ಲ, ಒಂದು ಉಳಿದಿದೆ, ಮರೆತರೆ ಅನ್ಯಾಯವಾಗುತ್ತದೆ. ಅರಸಾಳು ಸ್ಟೇಷನ್. ಶಂಕರ್ ನಾಗ್ ಅಲ್ಲಿ ಕ್ಯಾಮೆರಾ ಇಟ್ಟು ‘ಮಾಲ್ಗುಡಿ ಡೇಸ್’ ಟಿವಿ ಧಾರಾವಾಹಿ ತೆಗೆದರು ಎಂಬ ಪುಣ್ಯಕ್ಕೆ ಹಳೇ ಕಟ್ಟಡ ಬಿದ್ದುಹೋಗದೆ ಬದುಕಿತು. 2020ರಲ್ಲಿ ಅದನ್ನು ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಚೆನ್ನಾಗಿಯೇ ಮಾಡಿದ್ದಾರೆ, ನಾನು ಹೊಟ್ಟೆಕಿಚ್ಚಿನವನಲ್ಲ. ಹಂಚಿನ ಮಾಡು ಉಳಿಯಿತು, ಅದೇ ದೊಡ್ಡದು. ಸುತ್ತಮುತ್ತ ಎಲ್ಲ ಕಡೆ ಮಂಗಳೂರು ಹಂಚು ಇಳಿಸಿ ತಗಡು ಏರಿಸುತ್ತಿರುವ ಕಾಲದಲ್ಲಿ ಒಂದು ಸರ್ಕಾರಿ ಮಾಡಿನ ಮೇಲೆ ಹಂಚಿದೆ ಅಂದರೆ ಕೈ ಮುಗಿಯಬೇಕು.

ಆದರೂ ಯೋಚನೆ ಮಾಡಿ. ಅರಸಾಳು ನಿಜವಾದ ಊರು. ಅಲ್ಲಿ ನಿಜವಾದ ಜನ ನಿಜವಾದ ರೈಲು ಹತ್ತಿ ಇಳಿದಿದ್ದಾರೆ. ಭತ್ತದ ಮೂಟೆ ಹೊತ್ತಿದ್ದಾರೆ, ಬಾಣಂತಿಯನ್ನು ಕರೆದುಕೊಂಡು ಹೋಗಿದ್ದಾರೆ, ರೈಲು ತಪ್ಪಿಸಿಕೊಂಡು ಬಯ್ದುಕೊಂಡಿದ್ದಾರೆ. ಇಷ್ಟಕ್ಕೆಲ್ಲ ಮ್ಯೂಸಿಯಂ ಆಗಲಿಲ್ಲ. ಎಲ್ಲೂ ಇಲ್ಲದ ಒಂದು ಊರಿನ ಪಾತ್ರಗಳು ಬಂದು ಹೋದವು ಅಂದ ಕೂಡಲೇ ಆಯಿತು! ಹಾಗಾದರೆ ಕುಂಸಿಯವರು ಏನು ಪಾಪ ಮಾಡಿದ್ದಾರೆ? ಆನಂದಪುರದವರು? ಪರಂಪರೆ ಬೇಕಾದರೆ ಮೊದಲು ಒಬ್ಬ ಡೈರೆಕ್ಟರನ್ನು ಹುಡುಕಿಕೊಳ್ಳಿ ಅಂತ ಸುತ್ತೋಲೆ ಹೊರಡಿಸಿಬಿಡಲಿ. ಅಂದಹಾಗೆ, ಆ ರೈಲು ಮ್ಯೂಸಿಯಂ ನೋಡಲು ಬಂದವರಲ್ಲಿ ನಾನು ಕಂಡವರೆಲ್ಲ ಕಾರಿನಲ್ಲಿ ಬಂದವರು.

ದೆಹಲಿಯವರು ಮಾತ್ರ ಪರಂಪರೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾರೆ. 2023ರಲ್ಲಿ ರೈಲ್ವೆಯವರು ಪಾರಂಪರಿಕ ಮತ್ತು ಗುಡ್ಡಗಾಡಿನ ಮಾರ್ಗಗಳಿಗೆ ಅಂತ 35 ಹೈಡ್ರೋಜನ್ ರೈಲುಗಳ ಯೋಜನೆ ಹೇಳಿದರು. ಒಂದು ರೈಲಿಗೆ ಅಂದಾಜು 80 ಕೋಟಿ. ಒಂದೊಂದು ಮಾರ್ಗದ ವ್ಯವಸ್ಥೆಗೆ ಇನ್ನೂ 70 ಕೋಟಿ. ಹಳೇದನ್ನು ಉಳಿಸುವುದು ಹೇಗೆ ಅಂದರೆ ದೇಶದಲ್ಲೇ ಅತಿ ಹೊಸದನ್ನು ತಂದು ಅದರ ಮೇಲೆ ಓಡಿಸುವುದು. ಸರಿ, ಹೊಗೆ ಬರಲ್ಲ, ಕಾಡಿಗೆ ಒಳ್ಳೆಯದು, ಒಪ್ಪೋಣ. ಮೊದಲ ಪ್ರಯೋಗಕ್ಕೆ ಆರಿಸಿದ ಮಾರ್ಗ ಯಾವುದು ಗೊತ್ತಾ? ಹರಿಯಾಣದ ಜೀಂದ್–ಸೋನಿಪತ್. ಗುಡ್ಡ ಇಲ್ಲ, ಘಾಟಿ ಇಲ್ಲ, ಸುರಂಗ ಇಲ್ಲ. ನೆಲ ಅಂದರೆ ಅಡಿಕೆ ಒಣಗಿಸುವ ಅಂಗಳದಷ್ಟು ಮಟ್ಟಸ.

ಈಗ ಸ್ವಲ್ಪ ದಾರಿ ತಪ್ಪುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೇರೆ ದೇಶದವರು ಹಳೇ ರೈಲಿಗೆ ದುಡ್ಡು ಎಲ್ಲಿಂದ ತರುತ್ತಾರೆ ಅಂತ ಹುಡುಕುತ್ತಾ ಹೋದೆ. ಬಹಳ ಮಜಾ ಇದೆ. ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿ 1990ರಲ್ಲಿ ಜನ ಮತ ಹಾಕಿ ಗುಡ್ಡದ ಮೇಲಿನ ಮೂರು ಹಳೇ ಗಣಿ ಊರುಗಳಲ್ಲಿ ಜೂಜಾಟಕ್ಕೆ ಪರವಾನಗಿ ಕೊಟ್ಟರು. ಒಂದು ಷರತ್ತು. ಜೂಜಿನ ತೆರಿಗೆಯಲ್ಲಿ ಒಂದು ಪಾಲು ಹಳೇ ಕಟ್ಟಡ, ಹಳೇ ರೈಲು ಉಳಿಸುವ ನಿಧಿಗೆ ಹೋಗಬೇಕು. ಅಂದರೆ ಅಲ್ಲಿ ಒಬ್ಬ ಕಾರ್ಡು ಆಡಿ ಸೋತರೆ ಎಲ್ಲೋ ಒಂದು ಉಗಿಬಂಡಿಯ ಬಾಯ್ಲರಿಗೆ ಹೊಸ ಕೊಳವೆ ಬರಬಹುದು. ಬ್ರಿಟನ್ನಿನಲ್ಲಿ 1994ರಿಂದ ಲಾಟರಿ ಹಣದಲ್ಲಿ ಒಂದು ಪಾಲು ಇಂಥದ್ದಕ್ಕೇ ಹೋಗುತ್ತದೆ.

ನಮ್ಮಲ್ಲಿ ಲಾಟರಿಯನ್ನು 2007ರಲ್ಲೇ ನಿಲ್ಲಿಸಿದರು, ಎಷ್ಟೋ ಮನೆ ಉಳಿಯಿತು, ಒಳ್ಳೆಯ ಕೆಲಸ. ಆದರೆ ಓಸಿ? ನಮ್ಮ ಜಿಲ್ಲೆಯಲ್ಲಿ ಓಸಿ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೀಡಾ ಅಂಗಡಿಯಲ್ಲಿ ಚೀಟಿ, ಬಾಯಲ್ಲಿ ನಂಬರು, ಸಂಜೆ ಮುಖ ಸಪ್ಪಗೆ. ಹಬ್ಬ ಬಂತು ಅಂದರೆ ತೋಟದ ಶೆಡ್ಡುಗಳಲ್ಲಿ ಅಂದರ್–ಬಾಹರ್. ಇದಿಷ್ಟಕ್ಕೂ ತೆರಿಗೆ ಹಾಕಿದ್ದರೆ ತಾಳಗುಪ್ಪದಿಂದ ಹೊನ್ನಾವರಕ್ಕೆ ಚಿನ್ನದ ಹಳಿ ಹಾಕಬಹುದಿತ್ತು. ಹೊನ್ನಾವರದ ಮಾತು ಬಂತಲ್ಲ, ಆ ಮಾರ್ಗದ ಸರ್ವೆಯನ್ನು ಪಾರಂಪರಿಕ ಅಂತ ಘೋಷಿಸಲೇಬೇಕು. ನಮ್ಮ ಅಪ್ಪನ ಕಾಲದಿಂದ ಕೇಳುತ್ತಿದ್ದೇವೆ. ರೈಲು ಓಡಿಲ್ಲ, ಸರ್ವೆ ಮಾತ್ರ ನಿಂತಿಲ್ಲ.

ಕೊಲೊರಾಡೋದ ಪಕ್ಕ ನ್ಯೂ ಮೆಕ್ಸಿಕೋ. ಅಲ್ಲೊಂದು ಸಣ್ಣ ಗೇಜಿನ ಗುಡ್ಡದ ರೈಲನ್ನು ಕಂಪನಿ ಮುಚ್ಚಲು ಹೊರಟಿತು. 1970ರಲ್ಲಿ ಎರಡೂ ರಾಜ್ಯಗಳು ಸೇರಿ ದುಡ್ಡು ಹಾಕಿ ಅದನ್ನು ಕೊಂಡವು. 64 ಮೈಲಿ. ಗಡಿಯನ್ನು ಅತ್ತಿತ್ತ ದಾಟುತ್ತಾ ಇವತ್ತಿಗೂ ಓಡುತ್ತಿದೆ. ಎರಡು ರಾಜ್ಯ ಸೇರಿ ಒಂದು ವಸ್ತು ಕೊಂಡವು ಅಂತ ಓದಿ ನನಗೆ ತಲೆ ತಿರುಗಿತು. ನಮ್ಮಲ್ಲಿ ಎರಡು ರಾಜ್ಯ ಸೇರುವುದು ಟ್ರಿಬ್ಯೂನಲ್ಲಿನ ಮುಂದೆ ಮಾತ್ರ. ರಾಜ್ಯ ಬಿಡಿ, ಇಲಾಖೆಗಳೇ ಸೇರುವುದಿಲ್ಲ. ಹಳೇ ಹಳಿಯ ದಾರಿ ರೈಲ್ವೆಯದ್ದು, ಪಕ್ಕದ ಮರ ಅರಣ್ಯದ್ದು, ಬೋರ್ಡು ಪ್ರವಾಸೋದ್ಯಮದ್ದು, ಬೋರ್ಡಿನ ಲೈಟು ಪಂಚಾಯಿತಿಯದ್ದು, ಲೈಟಿನ ಬಿಲ್ಲು ಯಾರದ್ದೂ ಅಲ್ಲ.

ಆ ಕಡೆಯ ಅನುದಾನಕ್ಕೆ ಇನ್ನೊಂದು ನಿಯಮ ಇದೆ. ಪೂರ್ತಿ ದುಡ್ಡು ಅವರೇ ಕೊಡುವುದಿಲ್ಲ. ಒಂದು ಪಾಲು ನೀವು ಹೊಂದಿಸಿಕೊಂಡು ಬಂದರೆ ಉಳಿದದ್ದು ಅವರದ್ದು. ಇಲ್ಲೂ ಪಾಲು ಇದೆ, ಇಲ್ಲ ಅನ್ನುವಂತಿಲ್ಲ. ಆದರೆ ಅದು ಹರಿಯುವ ದಿಕ್ಕು ಬೇರೆ.

ನಾನು ಹೇಳಬೇಕು ಅಂದುಕೊಂಡಿದ್ದು ಒಬ್ಬ ಕೀಮನ್ ವಿಷಯ. ರೈಲು ಅಂದರೆ ಇಂಜಿನ್ನು ಮಾತ್ರ ಅಲ್ವಲ್ಲ. ಬೆಳಗಿನ ಜಾವ ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ ಇಟ್ಟುಕೊಂಡು ಒಬ್ಬ ಮನುಷ್ಯ ಹಳಿಗುಂಟ ನಡೆಯುತ್ತಾ ಹೋಗುತ್ತಾನೆ. ಹಳಿಯನ್ನು ಹಿಡಿದಿಡುವ ಕೀಲಿ ಸಡಿಲವಾಗಿದ್ದು ಕಂಡರೆ ನಿಂತು ಎರಡು ಏಟು ಹಾಕುತ್ತಾನೆ. ಮುಂದೆ ನಡೆಯುತ್ತಾನೆ. ಮಳೆಗಾಲದಲ್ಲಿ ಗೋಣಿಕೊಪ್ಪೆ ಹಾಕಿಕೊಂಡು ನಡೆಯುತ್ತಾನೆ, ಜಿಗಣೆ ಕಿತ್ತು ಎಸೆಯುತ್ತಾ ನಡೆಯುತ್ತಾನೆ. ಧರೆ ಕುಸಿದಿದ್ದು ಮೊದಲು ಕಾಣುವುದು ಅವನಿಗೆ. ಸ್ಟೇಷನ್ನಿನಲ್ಲಿ ಇನ್ನೊಬ್ಬ ಇರುತ್ತಿದ್ದ. ಬೆತ್ತದ ದೊಡ್ಡ ಬಳೆ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಟೋಕನ್. ಒಂಟಿ ಹಳಿಯಲ್ಲಿ ಆ ಟೋಕನ್ ಕೈಗೆ ಬರದೆ ಡ್ರೈವರು ಮುಂದಿನ ಸ್ಟೇಷನ್ನಿಗೆ ಹೊರಡುವಂತಿಲ್ಲ. ಓಡುತ್ತಿರುವ ಇಂಜಿನ್ನಿನಿಂದ ಒಬ್ಬ ಹಳೇ ಬಳೆ ಎಸೆದು ಹೊಸ ಬಳೆಗೆ ತೋಳು ಒಡ್ಡುವುದು ನೋಡಿದವರಿಗೇ ಗೊತ್ತು. ಅದನ್ನು ಕಲಿಸಬೇಕು, ಕಲಿಯಬೇಕು. ಅದಕ್ಕೆ ತಿಂಗಳು ತಿಂಗಳು ಸಂಬಳ ಕೊಡಬೇಕು.

ಇಲ್ಲೇ ನಮ್ಮ ಅನುದಾನ ಕೈ ಎತ್ತುತ್ತದೆ. ಕೀಮನ್‌ನ ಸಂಬಳಕ್ಕೆ ಶಂಕುಸ್ಥಾಪನೆ ಮಾಡಲು ಬರುವುದಿಲ್ಲ. ಬಾಯ್ಲರಿನ ವಾರ್ಷಿಕ ತಪಾಸಣೆಗೆ ಟೇಪು ಕತ್ತರಿಸಲು ಆಗುವುದಿಲ್ಲ. ಮರದ ಬೋಗಿಗೆ ಪ್ರತಿ ವರ್ಷ ಮಳೆ ಮುಗಿದ ಮೇಲೆ ಬಣ್ಣ ಹೊಡೆಸಿದರೆ ಕಲ್ಲಿನ ಮೇಲೆ ಯಾರ ಹೆಸರೂ ಕೆತ್ತಿಸುವಂತಿಲ್ಲ. ಆದ್ದರಿಂದ ಕಮಾನು ಬರುತ್ತದೆ. ಇಂಟರ್‌ಲಾಕ್ ಇಟ್ಟಿಗೆ ಬರುತ್ತದೆ. ಸೆಲ್ಫಿ ಪಾಯಿಂಟ್ ಬರುತ್ತದೆ, ಅದೂ ಮಾರ್ಚ್ ಮೂವತ್ತೊಂದರ ಒಳಗೆ. ಜೂನ್ ತಿಂಗಳಲ್ಲಿ ಮಲೆನಾಡಿನ ಮಳೆ ಬಂದು ಪಾಚಿ ಕಟ್ಟಿಸಿ ಹೋಗುತ್ತದೆ. ಮುಂದಿನ ವರ್ಷ ಮತ್ತೊಂದು ಅನುದಾನ, ಪಾಚಿ ಕೆರೆಯಲು.

ವೇಲ್ಸಿನಲ್ಲಿ ಟಾಲಿಲಿನ್ ಅಂತ ಒಂದು ಪುಟ್ಟ ರೈಲಿದೆ. ಮುಚ್ಚಿಹೋಗುವುದರಲ್ಲಿತ್ತು. 1951ರಲ್ಲಿ ಊರೂರಿನ ರೈಲು ಹುಚ್ಚರು ಸೇರಿ ರಜೆಯಲ್ಲಿ ಬಂದು ಹಾರೆ ಹಿಡಿದು ಅದನ್ನು ಓಡಿಸತೊಡಗಿದರು. ನಮ್ಮಲ್ಲಿ ಹಾರೆ ಹಿಡಿಯುವ ಹುಚ್ಚರು ಇಲ್ಲ ಅಂತಲ್ಲ. ಇದ್ದಾರೆ. ಅವರು ಅರ್ಜಿ ಹಿಡಿದು ಹೋದರೆ ಆವರಣದೊಳಗೆ ಬರಲು ಅನುಮತಿ ಇದೆಯಾ ಅಂತ ಕೇಳುತ್ತಾರೆ.

ಭದ್ರಾವತಿ ಕಡೆಗೂ ಒಮ್ಮೆ ನೋಡಿ. ಅಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಒಲೆಗೆ ಇದ್ದಿಲು ಬೇಕಿತ್ತು, ಇದ್ದಿಲಿಗೆ ಸೌದೆ ಬೇಕಿತ್ತು. ಸೌದೆ ತರಲು ಕಾಡಿನೊಳಗೆ ಟ್ರಾಂ ಹಳಿ ಹಾಕಿದರು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ಮೇಲೆ ಇಳಿಯುತ್ತಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಹಳಿಯ ಮೇಲೆ ರೈಲೇ ಓಡುತ್ತಿತ್ತು. ಒಂದೂ ಇಲ್ಲ ಈಗ. ಕಾರ್ಖಾನೆಯನ್ನೂ ಮುಚ್ಚುತ್ತೇವೆ ಅಂತ 2023ರ ಶುರುವಿನಲ್ಲಿ ಅದನ್ನು ನಡೆಸುವ ಕೇಂದ್ರದ ಉಕ್ಕು ಕಂಪನಿ ಸೈಲ್‌ನವರು ಹೇಳಿದರು, ಕಾರ್ಮಿಕರು ಬೀದಿಗೆ ಬಂದು ಕೂತರು. ಕಾರ್ಖಾನೆ ನಿಂತಿದೆಯೋ ಓಡುತ್ತಿದೆಯೋ ಎಂದು ಊರಿನವರೇ ಒಬ್ಬರನ್ನೊಬ್ಬರು ಕೇಳುವ ಸ್ಥಿತಿ. ಪೂರ್ತಿ ನಿಂತ ದಿನ ಅದಕ್ಕೂ ಪರಂಪರೆಯ ಯೋಗ ಬರಬಹುದು. ನಮ್ಮಲ್ಲಿ ಉಸಿರಾಡುವವರೆಗೆ ಅರ್ಹತೆ ಇಲ್ಲ.

ನಗುತ್ತಾ ಬರೆಯುತ್ತಿದ್ದೆ, ಈಗ ನಗು ಬರುತ್ತಿಲ್ಲ. ತಾಳಗುಪ್ಪದ ಹಳಿಯ ಆಚೆಗೆ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ತುಂಬಿತು, ಊರೂರೇ ಮುಳುಗಿದವು. ನಾಡಿಗೆಲ್ಲ ಕರೆಂಟು ಹೋಯಿತು. ಮುಳುಗಡೆಯವರನ್ನು ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದರು. ಅವರ ಮೊಮ್ಮಕ್ಕಳು ಇವತ್ತಿಗೂ ಅದೇ ಜಮೀನಿನ ಹಕ್ಕುಪತ್ರಕ್ಕೆ ಕಚೇರಿ ಸುತ್ತುತ್ತಿದ್ದಾರೆ. ಕಡತ ಬೆಂಗಳೂರಿಗೆ ಹೋಗುತ್ತದೆ, ದೆಹಲಿಗೆ ಹೋಗುತ್ತದೆ, ವಾಪಸ್ ಬರುತ್ತದೆ. ಆ ಜನರ ಮುಂದೆ ನಿಂತು ನಿಮ್ಮ ಗತವೈಭವವನ್ನು ಉಳಿಸುತ್ತೇವೆ ಅನ್ನಲು ಯಾವ ಮುಖ ಬೇಕು? ಮೊದಲು ಅವರ ಕಾಗದ ಕೊಡಿ. ಚಿತ್ರ ಆಮೇಲೆ ಬರೆಸಿ.

ಇರಲಿ. ಇದನ್ನೆಲ್ಲ ತೋಟದ ಗೇಟಿಗೆ ಹಳಿ ಹುಗಿದಿರುವ ನಮ್ಮ ಪರಿಚಯದ ಭಟ್ಟರೊಬ್ಬರಿಗೆ ಹೇಳಿದೆ. ನಿಮ್ಮ ಗೇಟು ಪಾರಂಪರಿಕ ಆಸ್ತಿ, ಅರ್ಜಿ ಹಾಕಿ, ಅನುದಾನ ಬಂದರೂ ಬರಬಹುದು ಅಂದೆ. ಅವರು ಕವಳದ ಬಾಯಿ ಸ್ವಲ್ಪ ಓರೆ ಮಾಡಿ ಗೇಟು ನೋಡಿದರು, ನನ್ನನ್ನು ನೋಡಿದರು.

“ಎಂತಕ್ಕೆ ಮಾರಾಯ್ರೆ? ಇಲಾಖೆಯವರಿಗೆ ಗೊತ್ತಾದರೆ ಮೊದಲು ಬಂದು ಇದನ್ನೂ ಕಿತ್ಕೊಂಡು ಹೋಗ್ತಾರೆ. ಆಮೇಲೆ ಇದೇ ಜಾಗದಲ್ಲಿ ಸಿಮೆಂಟಿನದ್ದು ಒಂದು ನಿಲ್ಲಿಸ್ತಾರೆ. ಸುಮ್ನೆ ಬಾಯಿ ಮುಚ್ಕೊಂಡಿರಿ, ಯಾರಿಗೂ ಹೇಳ್ಬೇಡಿ.”